ಹಿಂದಿನ ಸೀಟಿನಲ್ಲಿ ಕೂತರೂ ನೆನೆಯುವುದು ಯಾಕೆ?

ಎತ್ತರದಿಂದ ದೋಣಿ ಜಾರಿ ಕೊಳಕ್ಕೆ ಧುಮುಕುವ ವಾಟರ್ ರೈಡಿನ ಸಾಲಿನಲ್ಲಿ ನಿಂತಾಗ ಒಬ್ಬರಾದರೂ ತಜ್ಞರು ಸಿಕ್ಕೇ ಸಿಗುತ್ತಾರೆ. "ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ, ಒಂದು ಹನಿಯೂ ತಾಗಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಎಡಗಡೆ ವಾಸಿ" ಅನ್ನುತ್ತಾರೆ. ಮೂರನೆಯವರು "ಎಲ್ಲಾ ಹಣೆಬರಹ, ನೆನೆಯೋರು ಎಲ್ಲಿ ಕೂತ್ರೂ ನೆನೀತಾರೆ" ಅಂತ ವಿಷಯವನ್ನೇ ಮುಗಿಸಿಬಿಡುತ್ತಾರೆ. ನಾನು ಮೊದಲನೆಯವರನ್ನು ನಂಬಿ ಕೊನೆಯ ಸಾಲಿನಲ್ಲಿ ಕೂತೆ. ದೋಣಿ ಧುಮುಕಿತು, ಮುಂದಿನವರು ಕಿರುಚಿದರು, ಎರಡೂ ಬದಿಗೆ ನೀರಿನ ಗೋಡೆ ಎದ್ದಿತು, ನನಗೆ ಬಿದ್ದದ್ದು ನಾಲ್ಕೇ ಹನಿ. ಗೆದ್ದೆ ಅಂದುಕೊಂಡೆ. ದೋಣಿ ನಿಧಾನವಾಯಿತು. ಆಗ ಬೆನ್ನ ಹಿಂದಿನಿಂದ ಒಂದು ಅಲೆ ಸದ್ದಿಲ್ಲದೆ ಬಂತು, ಅಂಚು ಹತ್ತಿ ಒಳಗಿಳಿಯಿತು, ಕಾಲರಿನಿಂದ ಸೊಂಟದವರೆಗೆ ನನ್ನನ್ನು ತೊಯ್ದು ತೊಪ್ಪೆ ಮಾಡಿ ಹೋಯಿತು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು.

ಆ ಅಲೆಯ ಮೇಲೆ ನನಗೆ ಮೊದಲು ಸಿಟ್ಟಿತ್ತು. ಆಮೇಲೆ ಪ್ರೀತಿ ಬಂತು. ಯಾಕೆಂದರೆ ಇಡೀ ಗುಟ್ಟು ಅದರಲ್ಲೇ ಇದೆ.

ದೋಣಿ ಮೇಲಿಂದ ಬಿದ್ದದ್ದರಿಂದ ನಾವು ನೆನೆಯುತ್ತೇವೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ನೆನೆಯುವುದು ದೋಣಿ ನಿಂತದ್ದರಿಂದ. ಒಂದು ಲೆಕ್ಕ ನೋಡಿ. 15 ಮೀಟರ್ ಎತ್ತರದಿಂದ ಜಾರಿ ಬಂದ ದೋಣಿಗೆ, ಉಜ್ಜಾಟವನ್ನೆಲ್ಲ ಮರೆತರೆ, ಕೆಳಗೆ ತಲುಪುವಾಗ ಸೆಕೆಂಡಿಗೆ 17 ಮೀಟರ್ ವೇಗ ಇರುತ್ತದೆ. ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಕೆಲವೇ ಕ್ಷಣಗಳಲ್ಲಿ ಅದು ನಡಿಗೆಯ ವೇಗಕ್ಕೆ ಇಳಿಯಬೇಕು. ಅಲ್ಲಿ ಮುಖ್ಯ ಬ್ರೇಕು ನೀರೇ. ನೀರು ಪುಕ್ಕಟೆ ಬ್ರೇಕ್ ಹಾಕುವುದಿಲ್ಲ. ದೋಣಿಯ ಖಾತೆಯಿಂದ ಎಷ್ಟು ಚಲನೆ ಖರ್ಚಾಯಿತೋ ಅಷ್ಟೂ ನೀರಿನ ಖಾತೆಗೆ ಜಮಾ ಆಗಲೇಬೇಕು, ಮಧ್ಯದಲ್ಲಿ ಯಾರೂ ನುಂಗುವ ಹಾಗಿಲ್ಲ. ನ್ಯೂಟನ್ನನ ಬ್ಯಾಂಕು ಅಷ್ಟು ಕಟ್ಟುನಿಟ್ಟು. ಜನರೂ ಸೇರಿ ದೋಣಿಯ ತೂಕ 2 ಟನ್ ಅಂತ ಇಟ್ಟುಕೊಳ್ಳಿ. ಅದು 15 ಮೀಟರ್ ಇಳಿದು ತಂದ ಶಕ್ತಿ 1 ಟನ್ ನೀರನ್ನು 30 ಮೀಟರ್ ಎತ್ತಲು ಸಾಕು. ಬಹುಪಾಲು ಅಲೆ, ಸುಳಿ, ನೊರೆ, ಸದ್ದು ಅಂತ ಹಂಚಿಹೋಗುತ್ತದೆ. ಉಳಿದ ಚೂರುಪಾರೇ ನಮ್ಮ ತಲೆಯ ಮೇಲೆ ಗೋಡೆಯಾಗಿ ಏಳುತ್ತದೆ.

ಈಗ ಆ ಗೋಡೆ ಏನು ಮಾಡುತ್ತದೆ? ನೀವು ಜೋರಾಗಿ ಸೈಕಲ್ ತುಳಿಯುತ್ತಾ ಒಂದು ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆದರೆ ಅದು ನಿಮ್ಮ ಜೊತೆಗೇ ಮುಂದೆ ಸಾಗಿ ವಾಪಸ್ ಕೈಗೇ ಬರುತ್ತದೆ. ಚೆಂಡು ಮೇಲಿರುವಾಗ ಬ್ರೇಕ್ ಹಿಡಿದರೆ ಅದು ನಿಮ್ಮನ್ನು ದಾಟಿ ಮುಂದೆ ಹೋಗುತ್ತದೆ. ಬಸ್ಸಿನ ಡ್ರೈವರ್ ದಿಢೀರನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಅದೇ ಕಥೆ. ದೋಣಿಯ ಮೂತಿ ಎಬ್ಬಿಸಿದ ನೀರಿಗೂ ಮುಂದಕ್ಕೆ ಸಾಗುವ ಒಂದಷ್ಟು ವೇಗ ಇರುತ್ತದೆ, ದೋಣಿ ಬಂದಷ್ಟಲ್ಲದಿದ್ದರೂ. ನೀರು ಗಾಳಿಯಲ್ಲಿದ್ದಾಗ ಕೆಳಗೆ ದೋಣಿ ಬ್ರೇಕ್ ಹಾಕುತ್ತಿರುತ್ತದೆ. 4 ಮೀಟರ್ ಎತ್ತರಕ್ಕೆ ಹಾರಿದ ನೀರು ಮೇಲೇರಿ ಮತ್ತೆ ಇಳಿಯಲು ಸುಮಾರು 1.8 ಸೆಕೆಂಡ್ ಬೇಕು. ಮೊದಲಿನ ವೇಗದಲ್ಲೇ ಹೋಗಿದ್ದರೆ ಅಷ್ಟರಲ್ಲಿ ದೋಣಿ 30 ಮೀಟರ್ ಆಚೆ ಇರುತ್ತಿತ್ತು, ನೀರು ಅದರ ಹಿಂದೆ ಕೊಳದ ಮೇಲೆ ಬೀಳುತ್ತಿತ್ತು. ಆದರೆ ದೋಣಿ ತೆವಳುತ್ತಿದೆ. ದೊಡ್ಡ ಹನಿಗಳು ಮುಂದೆ ಹಾರಿ ಇಳಿಯುವ ಹೊತ್ತಿಗೆ, ಗಾಳಿ ತಡೆದು ನಿಲ್ಲಿಸಿದ ಸಣ್ಣ ಹನಿಗಳು ಅಲ್ಲೇ ತೇಲುತ್ತಿರುವ ಹೊತ್ತಿಗೆ, ದೋಣಿ ಸರಿಯಾಗಿ ಅವುಗಳ ಕೆಳಗೆ ನುಗ್ಗುತ್ತದೆ. ಮುಂದಿನ ಸಾಲಿನವರು ನೆನೆಯುವುದು ಹೀಗೆ. ನೀರು ಹುಡುಕಿಕೊಂಡು ಬಂದದ್ದಲ್ಲ, ಇವರೇ ಹೋಗಿ ಅದರಡಿ ಕೂತದ್ದು.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಅಮೆರಿಕದ ಟ್ಯಾಂಪಾದಲ್ಲಿರುವ ಬುಶ್ ಗಾರ್ಡನ್ಸ್ ಎಂಬ ಪಾರ್ಕಿನಲ್ಲಿ 2005ರಲ್ಲಿ ಶೈಕ್ರಾ ಎಂಬ ರೋಲರ್ ಕೋಸ್ಟರ್ ಶುರುವಾಯಿತು. ಅದರ ಬಂಡಿ ಒಂದು ಕಡೆ ಕೊಳವನ್ನು ಸವರಿಕೊಂಡು ಹೋಗುತ್ತದೆ. ಬಂಡಿಯ ಹಿಂಭಾಗದಲ್ಲಿ ಮೊರದಂಥ ತುಂಡುಗಳಿವೆ, ಅವು ನೀರನ್ನು ಬಗೆದು ಎರಡು ದೊಡ್ಡ ಬಾಲದ ಹಾಗೆ ಎತ್ತಿ ಎಸೆಯುತ್ತವೆ. ದೂರದಿಂದ ನೋಡಿದರೆ ಒಳಗಿದ್ದವರ ಕಥೆ ಮುಗಿಯಿತು ಅನ್ನಿಸುತ್ತದೆ. ಅವರು ಹೆಚ್ಚುಕಮ್ಮಿ ಒಣಗಿಯೇ ಇರುತ್ತಾರೆ. ನೀರು ಏಳುವುದು ಅವರ ಹಿಂದೆ, ಬಂಡಿ ನಿಲ್ಲದೆ ಓಡುತ್ತದೆ, ಅಷ್ಟೇ.

ಇನ್ನು ನನ್ನ ಬೆನ್ನಿಗೆ ಬಿದ್ದ ಅಲೆ. ಅಷ್ಟೇನೂ ಆಳವಿಲ್ಲದ ನೀರಿನಲ್ಲಿ ಉದ್ದನೆಯ ಅಲೆ ಎಷ್ಟು ವೇಗವಾಗಿ ಓಡಬಹುದು ಅನ್ನುವುದನ್ನು ಆಳವೇ ತೀರ್ಮಾನಿಸುತ್ತದೆ. 1 ಮೀಟರ್ ಆಳದ ನೀರಿನಲ್ಲಿ ಅದು ಸೆಕೆಂಡಿಗೆ 3 ಮೀಟರ್ ಚಿಲ್ಲರೆ. 17ರಲ್ಲಿ ಬಂದ ದೋಣಿಯನ್ನು ಯಾವ ಅಲೆಯೂ ಹಿಡಿಯಲಾರದು. ಆದರೆ ದೋಣಿ 3ಕ್ಕಿಂತ ಕೆಳಗಿಳಿದ ಕ್ಷಣ ಆಟ ತಿರುಗುತ್ತದೆ. ದೋಣಿ ನಿಧಾನವಾಯಿತು ಅಂತ ಅಲೆಗೇನು ಗೊತ್ತು? ಅದು ತನ್ನ ಪಾಡಿಗೆ ಓಡಿ ಬಂದು ಹಿಂದಿನ ಅಂಚನ್ನು ಹತ್ತುತ್ತದೆ.

ಸಾಗುವ ವೇಗ ಮತ್ತು ಅಲೆಯ ವೇಗ ಇವೆರಡರ ಅನುಪಾತಕ್ಕೆ ಫ್ರೂಡ್ ಸಂಖ್ಯೆ ಅಂತ ಹೆಸರು. ವಿಲಿಯಂ ಫ್ರೂಡ್ 19ನೇ ಶತಮಾನದ ಇಂಗ್ಲಿಷ್ ಎಂಜಿನಿಯರ್, ಮೊದಲು ರೈಲ್ವೆಯಲ್ಲಿದ್ದವನು. ಹಡಗುಗಳಿಗೆ ನೀರು ಒಡ್ಡುವ ತಡೆಯನ್ನು ಅಳೆಯಲು ಸ್ವಾನ್, ರೇವನ್ ಎಂಬ ಎರಡು ಆಕಾರದ ಪುಟ್ಟ ಮಾದರಿ ದೋಣಿಗಳನ್ನು ಮಾಡಿ ಎಳೆಸಿದ, ಆಮೇಲೆ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿ ಅದಕ್ಕೆಂದೇ ಉದ್ದನೆಯ ತೊಟ್ಟಿ ಕಟ್ಟಿಸಿದ. ಚೂಪು ಮೂತಿಯ ರೇವನ್ನೇ ಯಾವಾಗಲೂ ಸಲೀಸಾಗಿ ಹೋಗಬೇಕಿತ್ತು ಅಲ್ವಾ? ವೇಗ ಜಾಸ್ತಿಯಾದಾಗ ದುಂಡು ಮೂತಿಯ ಸ್ವಾನ್‌ಗೇ ತಡೆ ಕಡಿಮೆ ಇತ್ತು. ಅಂದಾಜು ಒಂದು, ಅಳತೆ ಇನ್ನೊಂದು. ಅವನ ಅನುಪಾತವನ್ನು ಅಡುಗೆಮನೆಯ ಸಿಂಕಿನಲ್ಲೇ ನೋಡಬಹುದು. ನಲ್ಲಿ ತಿರುಗಿಸಿ. ನೀರು ಬಿದ್ದ ಜಾಗದ ಸುತ್ತ ತೆಳ್ಳಗಿನ, ನುಣುಪಾದ ಒಂದು ತಟ್ಟೆ ಕಾಣುತ್ತದೆ, ಅದರಾಚೆ ನೀರು ದಿಢೀರನೆ ದಪ್ಪವಾಗಿ ಒಂದು ಏಣು ಏಳುತ್ತದೆ. ತಟ್ಟೆಯೊಳಗೆ ನೀರು ಅಲೆಗಿಂತ ಬೇಗ ಓಡುತ್ತಿದೆ, ಆಚೆ ನಿಧಾನ. ಏಣಿನ ಜಾಗದಲ್ಲಿ ಒಂದು ಬೆರಳಿಟ್ಟು ನೋಡಿ, ಮಜವಾಗಿರುತ್ತದೆ. ನಾನು ಇದನ್ನು ನೋಡುತ್ತಾ ಪಾತ್ರೆ ತೊಳೆಯುವುದನ್ನೇ ಮರೆತು ಬೈಸಿಕೊಂಡಿದ್ದೇನೆ.

ಈ ಇಳಿಜಾರಿನ ದೋಣಿಯಾಟವನ್ನು ಜನಪ್ರಿಯ ಮಾಡಿದವರಲ್ಲಿ ಪಾಲ್ ಬಾಯ್ಟನ್ ದೊಡ್ಡ ಹೆಸರು. ತಮಾಷೆ ಏನೆಂದರೆ ಆತ ಅದಕ್ಕೂ ಮೊದಲು ಪ್ರಸಿದ್ಧನಾಗಿದ್ದೇ ನೀರಿನಲ್ಲಿದ್ದೂ ನೆನೆಯದ ಮನುಷ್ಯ ಅಂತ! ಗಾಳಿ ತುಂಬಿದ ರಬ್ಬರ್ ಸೂಟು ತೊಟ್ಟು, ಅಂಗಾತ ಮಲಗಿ, ಹುಟ್ಟು ಹಾಕುತ್ತಾ 1875ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ಇಪ್ಪತ್ತು ವರ್ಷದ ನಂತರ, 1895ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಸೀ ಲಯನ್ ಪಾರ್ಕ್ ತೆರೆದು ಅಲ್ಲಿ ದೋಣಿ ಜಾರಿಸಿದ. ಆ ದೋಣಿಗಳ ತಳ ಚಪ್ಪಟೆ. ಕೆರೆಯ ಮೇಲೆ ಬಿಲ್ಲೆಕಲ್ಲು ಎಸೆದರೆ ಟಪ್ ಟಪ್ ಅಂತ ಕುಪ್ಪಳಿಸುವ ಹಾಗೆ ಅವು ನೀರಿನ ಮೇಲೆ ಪುಟಿಯುತ್ತಾ ಹೋಗುತ್ತಿದ್ದವು. ಪುಟಿದರೆ ವೇಗ ಕಂತಿನಲ್ಲಿ ಕಡಿತವಾಗುತ್ತದೆ, ಒಂದೇ ಏಟಿಗಲ್ಲ. ಟೊಳ್ಳು ಮರದ ದಿಮ್ಮಿಯಂಥ ದೋಣಿಯ ರೈಡು ಟೆಕ್ಸಸ್ಸಿನಲ್ಲಿ 1963ರಲ್ಲಿ ಬಂತು, ದುಂಡನೆಯ ತೆಪ್ಪದ್ದು 1980ರಲ್ಲಿ. ಈಗ ದೋಣಿಯ ಮೂತಿ, ಕೊಳದ ಆಳ ಎರಡನ್ನೂ ಎಷ್ಟು ನೆನೆಸಬೇಕು ಅನ್ನುವ ಲೆಕ್ಕದಲ್ಲೇ ಮಾಡಬಹುದು. ನೆನೆಯುವುದು ಅಪಘಾತ ಅಂತ ನಾವು ತಿಳಿದಿದ್ದೇವೆ, ಪಾಪ.

ಹಾಗಾದರೆ ಒಣಗಿರಲು ಏನು ಮಾಡಬೇಕು? ಮೊದಲು ತೂಕ ನೋಡಿ. ತುಂಬಿದ ದೋಣಿ ಜಾಸ್ತಿ ಮುಳುಗುತ್ತದೆ, ಜಾಸ್ತಿ ನೀರು ತಳ್ಳುತ್ತದೆ, ಮೇಲಿಂದ ತರುವ ಶಕ್ತಿಯೂ ಜಾಸ್ತಿ. ಅರ್ಧ ಖಾಲಿ ದೋಣಿ ಸಿಕ್ಕರೆ ಬಿಡಬೇಡಿ. ದಪ್ಪನೆಯ ನಾಲ್ವರು ಮುಂದೆ ಕೂತರೆ ಮೂತಿ ತಗ್ಗಿ ಆಳಕ್ಕೆ ಹೂತುಕೊಳ್ಳುತ್ತದೆ. ಮಧ್ಯದ ಸಾಲು ಎರಡೂ ಕಡೆಯ ಹೊಡೆತದಿಂದ ಸ್ವಲ್ಪ ದೂರ, ನನ್ನ ಮತ ಅದಕ್ಕೇ.

ಬಗ್ಗಿ ಕೂರುವುದು ಅರ್ಧ ಸರಿ. ನೀರು ಎದುರಿನಿಂದ ರಾಚಿದರೆ ಮುಂದಿನವರ ಬೆನ್ನ ಮರೆಗೆ ಬಗ್ಗುವುದು ಜಾಣತನ. ಮೇಲಿಂದ ಬಿದ್ದರೆ ಬಗ್ಗಿದ ಬೆನ್ನು ಹರಡಿಟ್ಟ ಚಾಪೆಯ ಹಾಗೆ, ಇದ್ದಬದ್ದ ನೀರನ್ನೆಲ್ಲ ಹಿಡಿದುಕೊಳ್ಳುತ್ತದೆ. ಆಗ ನೆಟ್ಟಗೆ ಕೂತವರೇ ಬುದ್ಧಿವಂತರು. ಖುಷಿಗೆ ಕೈ ಎತ್ತುವುದು ಎಲ್ಲಕ್ಕಿಂತ ದಡ್ಡತನ: ಮಣಿಕಟ್ಟಿನಲ್ಲಿ ನಿಂತ ನೀರು ತೋಳಿನೊಳಗೆ ಜಾರಿ ನೇರ ಕಂಕುಳಿಗೆ ಬರುತ್ತದೆ. ಪ್ಲಾಸ್ಟಿಕ್ ಕೋಟು ಹಾಕಿದವರೂ ಬೀಗಬೇಕಿಲ್ಲ. ಸೀಟಿನ ಗುಂಡಿಯಲ್ಲಿ ಹಿಂದಿನ ಸುತ್ತಿನ ನೀರು ಕಾಯುತ್ತಿರುತ್ತದೆ. ಜೀನ್ಸ್ ಪ್ಯಾಂಟಿನ ಎಳೆಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದನ್ನು ಎಳೆಯುತ್ತವೆ. ಮೇಲೆ ಕೋಟು ಒಣಗಿದೆ, ಕೆಳಗೆ ತೊಡೆಯವರೆಗೆ ಕಡುನೀಲಿ.

ದುಂಡು ತೆಪ್ಪದಲ್ಲಿ ಮಾತ್ರ ಈ ಯಾವ ಉಪಾಯವೂ ನಡೆಯದು. ಬಂಡೆಗೆ ಬಡಿದು ತಿರುಗುತ್ತಾ ಹೋಗುವ ತೆಪ್ಪ ಮೊದಲ ಗುದ್ದಿನಲ್ಲಿ ಎರಡು ಬೆರಳು ಆಚೀಚೆಯಾದರೆ ಸಾಕು, ಜಲಪಾತದ ಕೆಳಗೆ ಬೇರೆಯೇ ಸೀಟು ಬಂದು ನಿಲ್ಲುತ್ತದೆ. ಇಲ್ಲೇ ಹಣೆಬರಹದವರು, ಅದೃಷ್ಟದ ಸೀಟಿನವರು ಅಂಗಡಿ ತೆರೆಯುವುದು. ಅವರನ್ನು ಕಂಡಾಗ ನನಗೆ ಆರ್ಥರ್ ವರ್ದಿಂಗ್ಟನ್ ನೆನಪಾಗುತ್ತಾನೆ. ಹನಿ ಬಿದ್ದಾಗ ನೀರು ಹೇಗೆ ಸಿಡಿಯುತ್ತದೆ ಅಂತ ಈ ಬ್ರಿಟಿಷ್ ವಿಜ್ಞಾನಿ ವರ್ಷಗಟ್ಟಲೆ ನೋಡಿದ. ಕತ್ತಲೆ ಕೋಣೆ, ಒಂದು ಮಿಂಚಿನ ಕಿಡಿ, ಆ ಕ್ಷಣದಲ್ಲಿ ಕಣ್ಣಿಗೆ ಅಂಟಿದ್ದನ್ನು ಕೈಯಲ್ಲಿ ಬಿಡಿಸುವುದು. ಎಂಥ ಚೆಂದದ ಚಿತ್ರಗಳು, ಕಿರೀಟದ ಹಾಗೆ, ಎಲ್ಲಾ ಕಡೆ ಸಮ. 1890ರ ದಶಕದಲ್ಲಿ ಫೋಟೋ ತೆಗೆಯಲು ಸಾಧ್ಯವಾದಾಗ ನೋಡಿದರೆ ಸಿಡಿತಗಳು ಸೊಟ್ಟಗಿದ್ದವು, ಒಂದು ಕಡೆ ಹರಿದಿದ್ದವು. ಸೊಟ್ಟಗಿದ್ದವನ್ನು ಮೊದಲೂ ಕಂಡಿದ್ದ, ಅವೆಲ್ಲ ಏನೋ ಎಡವಟ್ಟು ಅಂತ ಬದಿಗಿಟ್ಟಿದ್ದ. ಅದನ್ನು ಆತ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅದೃಷ್ಟದ ಸೀಟಿನವರು ಒಣಗಿ ಇಳಿದ ದಿನವನ್ನಷ್ಟೇ ಎಣಿಸುತ್ತಾರೆ. ನೆನೆದ ದಿನ "ಯಾರೋ ಎಡಗಾಲಿಟ್ಟು ಹತ್ತಿದ್ರು" ಅನ್ನುತ್ತಾರೆ.

ಆ ದಿನ ರೈಡಿನಿಂದ ಇಳಿದವನು ಅಂಗಿ ಹಿಂಡಿ, ಕೊಳಕ್ಕೆ ಅಡ್ಡಲಾಗಿ ಕಟ್ಟಿದ್ದ ಕಾಲುಸೇತುವೆಯ ಮೇಲೆ ಬಿಸಿಲಿಗೆ ನಿಂತೆ. ಪಕ್ಕದಲ್ಲಿ ಒಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದರು. "ನಾನು ಇಂಥದ್ದಕ್ಕೆಲ್ಲ ಹತ್ತಲ್ಲಪ್ಪ" ಅಂದರು. ಮುಂದಿನ ದೋಣಿ ಧುಮುಕಿತು. ಅದು ಸೇತುವೆಗೆ ತುಂಬಾ ಮೊದಲೇ ನಿಧಾನವಾಯಿತು. ನೀರು ನಿಧಾನವಾಗಲಿಲ್ಲ.