ಡೆಲೆಬ್: ತೀರಿಕೊಂಡ ಮೇಲೂ ಜಾಹೀರಾತಿನಲ್ಲಿ ನಟಿಸುವವರು

ಇಟಲಿಯ ಕಡಲತೀರದ ಕಿರಿದಾದ ರಸ್ತೆ. ಹಣ್ಣಿನ ಅಂಗಡಿಯೊಂದಕ್ಕೆ ಡಿಕ್ಕಿಯಾಗಿ ಬಸ್ಸು ನಿಂತುಬಿಟ್ಟಿದೆ. ಒಳಗೆ ಕೂತ ಹುಡುಗಿಯ ಬ್ಯಾಗಿನಲ್ಲಿ ಒಂದು ಚಾಕೊಲೇಟ್ ಇದೆ. ಅಷ್ಟರಲ್ಲಿ ಮೇಲ್ಛಾವಣಿಯಿಲ್ಲದ ಕಾರೊಂದು ಪಕ್ಕಕ್ಕೆ ಬರುತ್ತದೆ. ಅದರಲ್ಲಿರುವ ಚೆಂದದ ಯುವಕ ಅವಳನ್ನು ಕರೆಯುತ್ತಾನೆ. ಅವಳು ಬಸ್ಸಿನಿಂದ ಇಳಿಯುವಾಗ ಡ್ರೈವರ್‌ನ ಟೋಪಿ ಎತ್ತಿಕೊಂಡು ಬಂದು ಆ ಯುವಕನ ತಲೆಗೆ ಹಾಕುತ್ತಾಳೆ. ಆಮೇಲೆ ಅವನ ಪಕ್ಕ ಕೂರುವುದಿಲ್ಲ. ಹಿಂದಿನ ಸೀಟಿಗೆ ಹೋಗಿ, ಆರಾಮಾಗಿ ಚಾಕೊಲೇಟ್ ತಿನ್ನುತ್ತಾಳೆ.

ಹುಡುಗಿ ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್. ಜಾಹೀರಾತು ಗ್ಯಾಲಕ್ಸಿ ಚಾಕೊಲೇಟಿನದು, 2013ರಲ್ಲಿ ಬ್ರಿಟನ್ನಿನಲ್ಲಿ ಬಂದದ್ದು. ಹೆಪ್‌ಬರ್ನ್ ತೀರಿಕೊಂಡದ್ದು 1993ರಲ್ಲಿ.

ಇಂಥವರನ್ನು ಮಾರ್ಕೆಟಿಂಗ್ ಲೋಕದಲ್ಲಿ ‘ಡೆಲೆಬ್’ ಅನ್ನುತ್ತಾರೆ. ಸೆಲೆಬ್ರಿಟಿ ಅನ್ನುವುದನ್ನು ಮೊಟಕು ಮಾಡಿ ‘ಸೆಲೆಬ್’ ಅನ್ನುವುದು ನಮಗೆ ಗೊತ್ತೇ ಇದೆ. ಅದರ ಮೊದಲ ಅಕ್ಷರ ತೆಗೆದು, ‘ಡೆಡ್’ ಪದದ ‘ಡೆ’ಯನ್ನು ಅಲ್ಲಿ ಕೂರಿಸಿದರೆ ಡೆಲೆಬ್. ಅಂದರೆ, ತೀರಿಕೊಂಡ ಮೇಲೂ ತನ್ನ ಹೆಸರು, ಮುಖ, ದನಿಯಿಂದ ಸರಕು ಮಾರಿಕೊಡುತ್ತಿರುವ ಹೆಸರಾಂತ ವ್ಯಕ್ತಿ. ಗಾಯಕರು, ವಿಜ್ಞಾನಿಗಳೂ ಈ ಗುಂಪಿಗೆ ಸೇರುತ್ತಾರೆ. ಆದರೆ ಸಿನಿಮಾ ನಟರ ವಿಷಯವೇ ಬೇರೆ. ಅವರು ನಡೆದದ್ದು, ನಕ್ಕಿದ್ದು, ತಿರುಗಿ ನೋಡಿದ್ದು ಎಲ್ಲವೂ ಗಂಟೆಗಟ್ಟಲೆ ರೀಲಿನಲ್ಲಿ ಉಳಿದಿದೆ. ಜಾಹೀರಾತಿನವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

ಪದ ಚುಟುಕಾಗಿದೆ, ಮುದ್ದಾಗಿಯೂ ಇದೆ. ನನ್ನ ತಕರಾರು ಇರುವುದೂ ಅಲ್ಲೇ. ‘ಬೇಡ’ ಅನ್ನಲಾಗದ ಒಬ್ಬ ಮನುಷ್ಯನಿಂದ ಕೆಲಸ ಮಾಡಿಸುತ್ತಿದ್ದೇವೆ ಅನ್ನುವ ಸಂಗತಿ ಆ ಮುದ್ದು ಹೆಸರಿನ ಹಿಂದೆ ಅಡಗಿಬಿಡುತ್ತದೆ.

ಇದರಲ್ಲಿ ತೀರಾ ಸರಳವಾದ ದಾರಿ, ಬರೀ ಫೋಟೋ ಬಳಸುವುದು. 1993ರಲ್ಲಿ ಗ್ಯಾಪ್ ಕಂಪನಿ ತನ್ನ ಖಾಕಿ ಪ್ಯಾಂಟುಗಳಿಗೆ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಬಳಸಿತು. ಇವರೆಲ್ಲ ಖಾಕಿ ತೊಟ್ಟಿದ್ದರು ಅನ್ನುವುದಷ್ಟೇ ಅದರ ಮಾತು. ಅದರಲ್ಲಿ ಹಾಲಿವುಡ್ ತಾರೆಗಳಾದ ಮರ್ಲಿನ್ ಮನ್ರೋ, ಜೇಮ್ಸ್ ಡೀನ್ ಇದ್ದರು. ಅವರು ಖಾಕಿ ತೊಟ್ಟಿದ್ದು ನಿಜ. ಆದರೆ ಗ್ಯಾಪ್ ಹುಟ್ಟಿದ್ದೇ 1969ರಲ್ಲಿ. ಡೀನ್ 1955ರಲ್ಲಿ, ಮನ್ರೋ 1962ರಲ್ಲಿ ಹೋಗಿಬಿಟ್ಟಿದ್ದರು. ತಾವು ನೋಡೇ ಇರದ ಅಂಗಡಿಗೆ ಅವರು ಗಿರಾಕಿ ಕರೆಯುತ್ತಿದ್ದರು.

ಇನ್ನೊಂದು ದಾರಿ, ಹಳೆಯ ಸಿನಿಮಾದ ತುಣುಕನ್ನು ಕತ್ತರಿಸಿ ಹೊಸ ದೃಶ್ಯಕ್ಕೆ ಅಂಟಿಸುವುದು. 1991ರ ಡಯಟ್ ಕೋಕ್ ಜಾಹೀರಾತಿನಲ್ಲಿ ಗಾಯಕ ಎಲ್ಟನ್ ಜಾನ್ ಹಾಡುತ್ತಿದ್ದರೆ ಅಲ್ಲೇ, ಆಗಲೇ ತೀರಿಕೊಂಡಿದ್ದ ನಟರಾದ ಹಂಫ್ರಿ ಬೊಗಾರ್ಟ್, ಜೇಮ್ಸ್ ಕಾಗ್ನಿ, ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಕಾಣಿಸಿಕೊಳ್ಳುತ್ತಾರೆ. 1997ರ ಜಾಹೀರಾತಿನಲ್ಲಿ ನಟ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಫೋರ್ಡ್ ಪೂಮಾ ಕಾರು ಓಡಿಸಿದರು. ಅವರ ರೂಪವನ್ನು 1968ರ ‘ಬುಲಿಟ್’ ಚಿತ್ರದಿಂದ ತೆಗೆದಿದ್ದರು. ಅವರು ತೀರಿಕೊಂಡದ್ದು 1980ರಲ್ಲಿ, ಪೂಮಾ ಕಾರು ಬಂದದ್ದು ಅದಾಗಿ 17 ವರ್ಷಕ್ಕೆ.

ಅಂಟಿಸುವ ಕೆಲಸಕ್ಕೆ ಒಂದು ಮಿತಿ ಇತ್ತು. ನಟ ಒಂದು ಕಾಲದಲ್ಲಿ ನಿಜವಾಗಿ ಕೈ ಎತ್ತಿದ್ದರೆ ಮಾತ್ರ ಇಲ್ಲೂ ಕೈ ಎತ್ತುತ್ತಾನೆ. ಹೆಪ್‌ಬರ್ನ್ ಜಾಹೀರಾತಿನಲ್ಲಿ ಆ ಮಿತಿಯೂ ಹೋಯಿತು. ಅವರನ್ನು ಹೋಲುವವರಿಂದ ದೃಶ್ಯ ಮಾಡಿಸಿದರು. ಆಮೇಲೆ ಗ್ರಾಫಿಕ್ಸ್‌ನವರು ಹಳೆಯ ಸಿನಿಮಾ, ಫೋಟೋಗಳನ್ನು ಮುಂದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಹೆಪ್‌ಬರ್ನ್ ಮುಖ ಕಟ್ಟಿ ಆ ಮೈಗೆ ಕೂರಿಸಿದರು. ಆ ನಗು ಅವರು ಯಾವತ್ತೂ ನಕ್ಕಿದ್ದಲ್ಲ. ಆ ಟೋಪಿಯನ್ನು ಅವರ ಕೈ ಮುಟ್ಟಿಲ್ಲ. ಹಳೆಯ ತುಣುಕು ತೋರಿಸುವುದು ನೆನಪು ಮಾಡಿಕೊಂಡ ಹಾಗೆ. ಇದು ಹಾಗಲ್ಲ, ಹೊಸದಾಗಿ ನಟನೆ ಮಾಡಿಸಿದ ಹಾಗೆ. ಈಗಂತೂ ಎಐ ಬಂದಿದೆ. ಅಂದು ದೊಡ್ಡ ತಂಡ ಕೂತು ಮಾಡಿದ ಕೆಲಸ ದಿನೇ ದಿನೇ ಸಲೀಸಾಗುತ್ತಿದೆ.

ಕಂಪನಿಗಳಿಗೆ ಇದು ಯಾಕೆ ಇಷ್ಟ ಅನ್ನುವುದು ಊಹಿಸಲು ಕಷ್ಟವೇನಿಲ್ಲ. ತೀರಿಕೊಂಡ ನಟ ಹೊಸ ಹಗರಣದಲ್ಲಿ ಸಿಕ್ಕಿಬೀಳುವುದಿಲ್ಲ. ಶೂಟಿಂಗಿಗೆ ತಡವಾಗಿ ಬರುವುದಿಲ್ಲ, ವಯಸ್ಸೂ ಆಗುವುದಿಲ್ಲ. ಅಜ್ಜಿ ಮೆಚ್ಚಿದ ಮುಖವನ್ನೇ ಮೊಮ್ಮಗಳೂ ಗುರುತು ಹಿಡಿಯುತ್ತಾಳೆ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ಇಲ್ಲಿ ಜಾಸ್ತಿ ಜನ ಎರಡು ಹಕ್ಕುಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಸಿನಿಮಾ ತುಣುಕಿನ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಸ್ಟುಡಿಯೋದ್ದು. ಫೋಟೋ ಆದರೆ ಅದು ಛಾಯಾಗ್ರಾಹಕರದ್ದೋ, ಅದನ್ನು ಕೊಂಡವರದ್ದೋ ಆಗಿರಬಹುದು. ಆದರೆ ಆ ಚಿತ್ರದೊಳಗಿನ ಮುಖವನ್ನು ಸರಕು ಮಾರಲು ಬಳಸುವ ಹಕ್ಕು ಬೇರೆಯೇ. ಅದನ್ನು ‘ಪ್ರಚಾರ ಹಕ್ಕು’ ಅನ್ನುತ್ತಾರೆ. ಈ ಹೆಸರು ಕಾನೂನಿಗೆ ಬಂದದ್ದು 1953ರಲ್ಲಿ, ಅಮೆರಿಕದ ಒಂದು ಬಬಲ್‌ಗಮ್ ಮೊಕದ್ದಮೆಯಿಂದ. ಗಮ್ ಜೊತೆ ಕೊಡುವ ಬೇಸ್‌ಬಾಲ್ ಆಟಗಾರರ ಚಿತ್ರ ಯಾರ ಸೊತ್ತು ಅನ್ನುವುದು ಅಲ್ಲಿನ ಜಗಳ.

ಬದುಕಿದ್ದವರ ಮಾತು ಅಲ್ಲಿಗೆ ಇತ್ಯರ್ಥವಾಯಿತು. ತೀರಿಕೊಂಡ ಮೇಲೆ? ಮುಖ ಮನುಷ್ಯನ ಜೊತೆಗೇ ಹೋಗುತ್ತದಾ, ಇಲ್ಲ ಮನೆ ಒಡವೆಗಳ ಹಾಗೆ ಮಕ್ಕಳಿಗೆ ಬರುತ್ತದಾ? ಡ್ರಾಕುಲಾ ಪಾತ್ರದಿಂದ ಹೆಸರಾದ ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಮನೆಯವರು ಅವರನ್ನು ಡ್ರಾಕುಲಾನ ಮೇಲಂಗಿಯಲ್ಲೇ ಮಣ್ಣು ಮಾಡಿದರು. ಆಮೇಲೆ ಸ್ಟುಡಿಯೋ ಆ ಪಾತ್ರದಲ್ಲಿನ ಅವರ ರೂಪವನ್ನು ಸರಕುಗಳ ಮೇಲೆ ಹಾಕಲು ಬೇರೆಯವರಿಗೆ ಅನುಮತಿ ಕೊಟ್ಟಿತು. ಹೆಂಡತಿ, ಮಗ ಕೋರ್ಟಿಗೆ ಹೋದರು. 1979ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಈ ಹಕ್ಕು ವಾರಸುದಾರರಿಗೆ ಬರುವುದಿಲ್ಲ ಎಂದಿತು. ಆ ಮೇಲಂಗಿಯ ವಿಷಯ ನೆನೆದರೆ ಹೊಟ್ಟೆಯಲ್ಲಿ ಏನೋ ಸಂಕಟವಾಗುತ್ತದೆ. ಮನೆಯವರಿಗೆ ಅದು ಅಪ್ಪನ ಗುರುತು, ಕಾನೂನಿಗೆ ಬರೀ ಒಂದು ಪಾತ್ರ.

ಆ ತೀರ್ಪಿನ ಬಳಿಕ ಕ್ಯಾಲಿಫೋರ್ನಿಯಾ ಹೊಸ ಕಾನೂನನ್ನೇ ತಂದಿತು. 1985ರಿಂದ ವಾರಸುದಾರರಿಗೆ 50 ವರ್ಷ ಹಕ್ಕು ಸಿಕ್ಕಿತು, ಆಮೇಲೆ ಅದು 70 ಆಯಿತು. ಬೇರೆ ಕಡೆ ಲೆಕ್ಕ ಬೇರೆ. ಅಮೆರಿಕದ್ದೇ ಇನ್ನೊಂದು ರಾಜ್ಯ ಇಂಡಿಯಾನಾದಲ್ಲಿ 100 ವರ್ಷ. ನ್ಯೂಯಾರ್ಕ್ 2021ರಿಂದಷ್ಟೇ 40 ವರ್ಷ ಕೊಡುತ್ತಿದೆ. ಜರ್ಮನಿಯಲ್ಲಿ ನಟಿ ಮರ್ಲೀನ್ ಡೀಟ್ರಿಶ್ ಮಗಳು 1999ರಲ್ಲಿ ಗೆದ್ದ ಮೊಕದ್ದಮೆಯಿಂದ ಈ ಹಕ್ಕು ಗಟ್ಟಿಯಾಯಿತು, ಅಲ್ಲಿ ಅದಕ್ಕೆ 10 ವರ್ಷ. ಬ್ರಿಟನ್ನಿನಲ್ಲಿ ಇಂಥ ಹಕ್ಕೇ ಇಲ್ಲ. ಭಾರತದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ, ಈ ಹಕ್ಕು ಮನುಷ್ಯನ ಜೊತೆಗೇ ಮುಗಿಯುತ್ತದೆ ಎಂದಿತು. ತೀರಿಕೊಂಡಾಗ ಮನೆ ಯಾವ ಊರಲ್ಲಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮನ್ರೋ ಕಾನೂನಿನ ಕಣ್ಣಿಗೆ ನ್ಯೂಯಾರ್ಕಿನವರು, ಆದ್ದರಿಂದ ಅವರ ಆಸ್ತಿ ಪಡೆದವರಿಗೆ ಈ ಹಕ್ಕು ಇಲ್ಲ ಎಂದು 2012ರಲ್ಲಿ ತೀರ್ಪಾಯಿತು.

ವಾರಸುದಾರರು ಒಪ್ಪಿದರೆ ಎಲ್ಲ ಸರಿಹೋಯಿತು ಅನ್ನುತ್ತದೆ ಕಾನೂನು. ನನಗೆ ಅಷ್ಟು ಸಲೀಸಾಗಿ ಒಪ್ಪಲು ಆಗುವುದಿಲ್ಲ. ಹೆಪ್‌ಬರ್ನ್ ಮಕ್ಕಳು ಒಪ್ಪಿಗೆ ಕೊಟ್ಟಾಗ ಅಮ್ಮನಿಗೆ ಚಾಕೊಲೇಟ್ ಅಂದರೆ ಪ್ರೀತಿ ಎಂದಿದ್ದರು. ಅಲ್ಲಿ ಒಂದು ಹೊಂದಾಣಿಕೆಯಾದರೂ ಇದೆ. ಅದೇ 2013ರಲ್ಲಿ ಚೀನಾದಲ್ಲಿ ಜಾನಿ ವಾಕರ್ ವಿಸ್ಕಿಯ ಜಾಹೀರಾತು ಬಂತು. ಅದರಲ್ಲಿ ಗ್ರಾಫಿಕ್ಸ್‌ನಿಂದ ಕಟ್ಟಿದ ಬ್ರೂಸ್ ಲೀ ಹಾಂಗ್‌ಕಾಂಗ್ ನಗರ ನೋಡುತ್ತಾ ಮ್ಯಾಂಡರಿನ್ ಭಾಷೆಯಲ್ಲಿ ಮಾತಾಡುತ್ತಾರೆ. ಲೀ ಬೆಳೆದದ್ದು ಕ್ಯಾಂಟನೀಸ್ ಆಡುವ ಊರಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ಕುಡಿತದಿಂದ ದೂರ ಇದ್ದವರು ಅನ್ನುವುದು ಅಭಿಮಾನಿಗಳಿಗೆ ಗೊತ್ತಿತ್ತು. ಅವರಿಗೆ ಸಿಟ್ಟು ಬಂತು. ಮಗಳು ಜೊತೆಗಿದ್ದು ಮಾಡಿಸಿದ ಜಾಹೀರಾತು ಅದು, ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೂ ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಒಂದೇ ಮನೆಯಲ್ಲೂ ಒಮ್ಮತ ಇರಬೇಕೆಂದಿಲ್ಲ. ಕುಣಿತಕ್ಕೆ ಹೆಸರಾದ ಹಾಲಿವುಡ್ ನಟ ಫ್ರೆಡ್ ಆಸ್ಟೇರ್ 1951ರ ಚಿತ್ರವೊಂದರಲ್ಲಿ ಟೋಪಿ ನೇತುಹಾಕುವ ಕಂಬವನ್ನು ಜೊತೆಗಾತಿ ಮಾಡಿಕೊಂಡು ಕುಣಿದಿದ್ದರು. ಒಂದು ಜಡ ಕಂಬಕ್ಕೆ ಜೀವ ಬಂದ ಹಾಗೆ ಕಾಣುತ್ತದೆ ಅದು. 1997ರಲ್ಲಿ ಡರ್ಟ್ ಡೆವಿಲ್ ಕಂಪನಿಯ ಜಾಹೀರಾತಿನಲ್ಲಿ ಆ ಕಂಬ ಮಾಯವಾಗಿ ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಬಂದು ಕೂತಿತು. ಹೆಜ್ಜೆಗಳು ಅವೇ, ತೋಳಿನ ಬಾಗು ಅದೇ. ಒಪ್ಪಿಗೆ ಕೊಟ್ಟದ್ದು ಹೆಂಡತಿ. ಮಗಳು ಆವಾ ನೊಂದು ಕಂಪನಿಗೆ ಪತ್ರ ಬರೆದರು. ತನ್ನ ಬದುಕಿನ ಬಗ್ಗೆ ಯಾರೂ ಸಿನಿಮಾ ಮಾಡಬಾರದು ಎಂದು ಆಸ್ಟೇರ್ ಉಯಿಲಿನಲ್ಲಿ ಬರೆದಿಟ್ಟಿದ್ದರು. ಸಿನಿಮಾ ಆಗದ ಹಾಗೆ ತಡೆದ ಮನುಷ್ಯನಿಗೆ, ತನ್ನ ಹೆಜ್ಜೆಗಳೇ ಬೇರೆಯವರ ಕೈಗೆ ಹೋಗಬಹುದು ಅನ್ನುವುದು ಹೊಳೆದಿರಲಿಕ್ಕಿಲ್ಲ. ಆ ಕಾಲದಲ್ಲಿ ಯಾರಿಗೆ ತಾನೇ ಹೊಳೆಯುತ್ತಿತ್ತು?

ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್‌ಗೆ ಹೊಳೆದಿತ್ತು. ತನ್ನ ಹೆಸರು, ಸಹಿ, ಫೋಟೋ, ರೂಪದ ಹಕ್ಕುಗಳನ್ನು ಅವರು ಒಂದು ದತ್ತಿ ಸಂಸ್ಥೆಗೆ ಬರೆದುಕೊಟ್ಟರು. ಜೊತೆಗೆ, ತಾನು ತೀರಿಕೊಂಡ 25 ವರ್ಷಗಳವರೆಗೆ ತನ್ನ ರೂಪವನ್ನು ಬಳಸದಂತೆ ಷರತ್ತು ಹಾಕಿದರು. ಅವರು ಹೋದದ್ದು 2014ರ ಆಗಸ್ಟ್ 11ರಂದು. ಆ ಲೆಕ್ಕದಲ್ಲಿ ಷರತ್ತು ಮುಗಿಯುವುದು 2039ರ ಆಗಸ್ಟಿನಲ್ಲಿ.