ಐಟಿಐ ಮಕ್ಕಳಿಗೆ ಧೈರ್ಯ ಬರುವುದು ವರ್ಕ್‌ಶಾಪ್‌ನಲ್ಲೇ

ಲೋಹದ ಬಿಡಿಭಾಗಗಳನ್ನು ಅಳತೆಗೆ ಸರಿಯಾಗಿ ಮಾಡಿ ಜೋಡಿಸುವುದನ್ನು ಕಲಿಸುವ ಫಿಟ್ಟರ್ ಟ್ರೇಡ್‌ನ ಎರಡು ವರ್ಷ ಮುಗಿಯುತ್ತಾ ಬಂದಾಗ ಪೋಷಕರು ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. ‘ಸರ್, ಹುಡುಗನಿಗೆ ಕೆಲಸ ಏನೋ ಬರುತ್ತೆ, ಆದ್ರೆ ನಾಲ್ಕು ಜನರ ಮುಂದೆ ಬಾಯೇ ಬಿಡಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲಾ?’

ಸೇರಿಸಿ, ಕಲಿತರೆ ಒಳ್ಳೆಯದೇ. ಆದರೆ ಅವನ ಹೆದರಿಕೆಯ ಬೇರು ಬೇರೆ ಕಡೆ ಇರುತ್ತದೆ. ತಾನು ಮಾಡಿದ ಜಾಬ್ (ಅಭ್ಯಾಸಕ್ಕೆ ಕೊಟ್ಟ ಲೋಹದ ತುಂಡಿನ ಕೆಲಸ) ಸರಿಯಿದೆಯೋ ಇಲ್ಲವೋ ಅವನಿಗೇ ಗೊತ್ತಿರುವುದಿಲ್ಲ. ಇನ್‌ಸ್ಟ್ರಕ್ಟರ್ ನೋಡಿ ‘ಓಕೆ’ ಅನ್ನುವವರೆಗೂ ಕೈಕಟ್ಟಿ ನಿಂತಿರುತ್ತಾನೆ. ಎರಡು ವರ್ಷ ಹಾಗೇ ಕಳೆದವನು ಸಂದರ್ಶನದಲ್ಲಿ ಏಕಾಏಕಿ ಹೇಗೆ ಮಾತಾಡಿಯಾನು?

ಮೇಲ್-ಫೀಮೇಲ್ ಫಿಟ್ಟಿಂಗ್ ಜಾಬ್ ತೆಗೆದುಕೊಳ್ಳಿ. ಎರಡು ಎಂಎಸ್ (ಮೆದು ಉಕ್ಕು) ತುಂಡುಗಳನ್ನು ಫೈಲ್ ಹಾಕಿ, ಅಂದರೆ ಅರದಿಂದ ಉಜ್ಜಿ, ಒಂದರೊಳಗೊಂದು ಕೂರುವಂತೆ ಮಾಡಬೇಕು. ಶುರುವಿನ ಜಾಬ್‌ಗಳಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಬರುಬರುತ್ತಾ 0.04 ಮಿ.ಮೀ. ಒಳಗೆ ಬರಬೇಕು. ಹುಡುಗ ಜಾಬ್ ಹಿಡಿದುಕೊಂಡು ‘ಸರ್, ನೋಡಿ’ ಅಂತ ಬಂದರೆ ನಾನು ಮುಟ್ಟುವುದಿಲ್ಲ. ‘ನೀನೇ ನೋಡಿ ಹೇಳಪ್ಪಾ’ ಅನ್ನುತ್ತೇನೆ. ಅಳತೆ ತೆಗೆದು ನೋಟ್‌ಬುಕ್ಕಲ್ಲಿ ಬರೆದ ಮೇಲೆಯೇ ನನ್ನ ಸರದಿ. ಆಮೇಲೆ ಪಕ್ಕದ ಬೆಂಚಿನವನ ಜಾಬ್ ಇವನು ಚೆಕ್ ಮಾಡಬೇಕು, ಇವನದನ್ನು ಅವನು. ಮೂಲೆ ಲಂಬಕೋನದಲ್ಲಿದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಎತ್ತಿ ಹಿಡಿದು, ‘ಈ ಮೂಲೇಲಿ ಬೆಳಕು ಕಾಣ್ತಿದೆ, ಸ್ಕ್ವೇರ್ ಔಟ್ ಆಗಿದೆ’ ಅಂತ ಗೆಳೆಯನಿಗೆ ಹೇಳಲೇಬೇಕಾಗುತ್ತದೆ. ಆ ಗೆಳೆಯ ಸುಮ್ನೆ ಒಪ್ಪುವುದೂ ಇಲ್ಲ, ವಾದಕ್ಕೆ ಬರುತ್ತಾನೆ. ಬಾಯಿ ಬಿಡದ ಹುಡುಗ ಬಾಯಿ ಬಿಡುವುದು ಇಲ್ಲೇ.

ಪೀಣ್ಯ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಕೈಗೊಂದು ವರ್ನಿಯರ್ (ದವಡೆಗಳ ನಡುವೆ ಹಿಡಿದು ಸೂಕ್ಷ್ಮ ಅಳತೆ ತೆಗೆಯುವ ಉಪಕರಣ) ಕೊಟ್ಟು ‘ಇದರ ಅಳತೆ ಹೇಳು’ ಅನ್ನುತ್ತಾರೆ. ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) 0.02 ಮಿ.ಮೀ. ಅಂತ ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಜನ. ಮುಖ್ಯ ಸ್ಕೇಲಿನ 49 ಮಿ.ಮೀ.ಯನ್ನು ಅದರ ಮೇಲೆ ಸರಿಯುವ ವರ್ನಿಯರ್ ಸ್ಕೇಲಿನಲ್ಲಿ 50 ಭಾಗ ಮಾಡಿರುವುದರಿಂದ ಆ 0.02 ಬಂತು ಅನ್ನುವುದು ಕೆಲವರಿಗಷ್ಟೇ ಗೊತ್ತು. ಅಳೆಯುವ ಮೊದಲು ದವಡೆ ಮುಚ್ಚಿ ಝೀರೋ ಸರಿಯಿದೆಯಾ ಅಂತ ನೋಡುವವರಂತೂ ಇನ್ನೂ ಕಡಿಮೆ. ಹಾಗೆ ನೋಡಿದವನು ಕೆಲಸ ಬಲ್ಲವನು ಅಂತ ಸೂಪರ್‌ವೈಸರ್‌ಗೆ ಅಷ್ಟರಲ್ಲೇ ತಿಳಿಯುತ್ತದೆ. ಮಿಕ್ಕ ಮಾತು ಹೆಚ್ಚಾಗಿ ಕನ್ನಡದಲ್ಲೇ ನಡೆಯುತ್ತದೆ.

ಆತ್ಮವಿಶ್ವಾಸ ಅಂದರೆ ಭಂಡಧೈರ್ಯ ಅಂದುಕೊಂಡವರನ್ನು ಕಂಡರೆ ನನಗೆ ಭಯ. ಡ್ರಿಲ್ಲಿಂಗ್ ಮೆಷಿನ್ ಮುಂದೆ ಗ್ಲೌಸ್ ಹಾಕಿಕೊಂಡು ನಿಂತರೆ ತಿರುಗುವ ಡ್ರಿಲ್ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಡ್ರಿಲ್ ಬಿಗಿಮಾಡುವ ಚಕ್ ಕೀ ತೆಗೆಯದೆ ಸ್ವಿಚ್ ಒತ್ತಿದರೆ ಅದು ಹಾರಿ ಯಾರಿಗೆ ಬಡಿಯುತ್ತದೋ ಹೇಳಲಾಗದು. ಹೊಸ ಮೆಷಿನ್ ಮುಂದೆ ‘ಇದು ನನಗೆ ಗೊತ್ತಿಲ್ಲಣ್ಣ, ಒಂದ್ಸಲ ತೋರಿಸಿ’ ಅನ್ನುವುದನ್ನೂ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು. ಎಲ್ಲದಕ್ಕೂ ತಲೆ ಆಡಿಸುವ ಹುಡುಗನ ಬೆರಳುಗಳ ಬಗ್ಗೆ ನನಗೆ ಚಿಂತೆಯಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಹೇಳಲೇಬೇಕು. ಫಿಟ್ಟರ್ ಟ್ರೇಡ್‌ಗೆ ಬರುವವರೇ ಕಡಿಮೆ. ಬಂದವರಿಗೂ ‘ನಿನ್ನ ಅಕ್ಷರ ಚೆನ್ನಾಗಿದೆ, ರೆಕಾರ್ಡ್ ಬರಿ’ ಅಂತ ಪುಸ್ತಕ ಕೊಟ್ಟು, ಜಾಬ್ ಹಿಡಿದಿಡುವ ವೈಸನ್ನು ಹುಡುಗರಿಗೆ ಬಿಟ್ಟುಬಿಡುತ್ತಾರೆ. ಇದು ಅನ್ಯಾಯ. ಪರೀಕ್ಷೆಯಲ್ಲಿ ಪಾಸಾದರೂ ಕೈಗೆ ಕೆಲಸ ಹತ್ತಿರುವುದಿಲ್ಲ.

ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗಿ ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ, 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ಕಡಿಮೆ ಅಂತ ಮನೆಯವರು ಮಗನನ್ನು ಡೆಲಿವರಿ ಕೆಲಸಕ್ಕೆ ಕಳಿಸುತ್ತಾರೆ. ಮನೆ ಕಷ್ಟ ನನಗೂ ಅರ್ಥವಾಗುತ್ತದೆ. ಆದರೂ ಸಾಧ್ಯವಾದರೆ ಆ ಒಂದು ವರ್ಷ ತಡೆದುಕೊಳ್ಳಿ. ಸೇರುವ ದಿನವೇ ‘ನನ್ನನ್ನು ಯಾವ ಸೆಕ್ಷನ್‌ಗೆ ಹಾಕ್ತೀರಾ, ಯಾರ ಕೈಕೆಳಗೆ ಕಲೀಬೇಕು?’ ಅಂತ ಹುಡುಗನೇ ಕೇಳಲಿ. ಜೊತೆಗೆ ಹೋದ ಅಪ್ಪ ಸುಮ್ಮನೆ ಪಕ್ಕದಲ್ಲಿ ಕೂತಿರಲಿ.