ಹಳೇ ರೈಫಲ್‌ಗೆ ವಯಸ್ಸಾಗುವುದು ಎಲ್ಲಿ?

ಸೆಕೆಂಡ್ ಹ್ಯಾಂಡ್ ರೈಫಲ್ ಮಾರಾಟಕ್ಕಿದೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಇದು ಎಷ್ಟು ವರ್ಷದ್ದು? ಈ ಪ್ರಶ್ನೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಉಕ್ಕು ಸುಮ್ನೆ ಇದ್ದರೆ ಸವೆಯುವುದಿಲ್ಲ. ಎಣ್ಣೆ ಸವರಿ ಒಣ ಜಾಗದಲ್ಲಿಟ್ಟ 60 ವರ್ಷದ ರೈಫಲ್ ಇವತ್ತಿಗೂ ಚೆನ್ನಾಗಿ ಗುರಿ ಹೊಡೆಯಬಹುದು. ಒದ್ದೆ ಚೀಲದಲ್ಲಿ ಕೆಲವು ತಿಂಗಳು ಬಿದ್ದಿದ್ದ ಹೊಸ ರೈಫಲ್ ಕೆಟ್ಟೇ ಹೋಗಿರಬಹುದು. ರೈಫಲ್ ಅನ್ನು ಹಾಳು ಮಾಡುವುದು ಬಿಸಿ, ಉಪ್ಪು ಮತ್ತು ಮನುಷ್ಯನ ಕೈ. ಇವು ಎಲ್ಲೆಲ್ಲಿ ತಮ್ಮ ಗುರುತು ಬಿಟ್ಟಿವೆ ಅಂತ ನೋಡಲು ಬಂದರೆ, ಕೊಳ್ಳಬೇಕೋ ಬೇಡವೋ ಅನ್ನುವುದು ಮುಕ್ಕಾಲು ಭಾಗ ತೀರ್ಮಾನವಾದಂತೆ.

ಅಗ್ಗದ ರೈಫಲ್ ಅಂದರೆ ಕಳಪೆ ರೈಫಲ್ ಅಂತ ಅಂದುಕೊಳ್ಳುವುದೂ ತಪ್ಪು. ಅಗ್ಗ ಮಾಡಲು ಎಲ್ಲಿ ಖರ್ಚು ಉಳಿಸಿದ್ದಾರೆ ಅನ್ನುವುದು ಮುಖ್ಯ. 1958ರಲ್ಲಿ ಬಂದ ಸ್ಯಾವೇಜ್ 110 ನೋಡಿ. ನಿಕೋಲಸ್ ಬ್ರೂವರ್ ಅನ್ನುವವರ ವಿನ್ಯಾಸ ಅದು. ಸಾಮಾನ್ಯವಾಗಿ ನಳಿಗೆಯನ್ನು ರೈಫಲ್‌ನ ಮೈಗೆ ಕೂರಿಸುವಾಗ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಲೋಹವನ್ನು ಕೊರೆದು ಹೊಂದಿಸಬೇಕು. ಅದು ದುಬಾರಿ ಕೆಲಸ. ಬ್ರೂವರ್ ಅಲ್ಲಿ ಒಂದು ದೊಡ್ಡ ನಟ್ ಹಾಕಿದರು. ಅಳತೆಯ ಗೇಜ್ ಒಳಗಿಟ್ಟು, ನಳಿಗೆಯನ್ನು ತಿರುಗಿಸಿ ಸರಿಯಾದ ಜಾಗಕ್ಕೆ ತಂದು, ನಟ್ ಬಿಗಿದರೆ ಮುಗಿಯಿತು. ನೋಡಲು ಅಷ್ಟು ಚೆಂದವಿಲ್ಲ, ಆದರೆ ಅಳತೆ ಪಕ್ಕಾ. ರೆಮಿಂಗ್ಟನ್ 788 ಕೂಡ ಹಾಗೇ. 1967ರಿಂದ 1983ರವರೆಗೆ ತಯಾರಾದ ಅಗ್ಗದ ರೈಫಲ್ ಅದು. ಹಿಡಿಯ ಮರ ಸಾದಾ, ಮೇಲಿನ ಹೊಳಪು ಕಡಿಮೆ. ಆದರೂ ಅದರ ನಿಖರತೆಗೆ ಒಳ್ಳೆಯ ಹೆಸರಿದೆ. ಅಂದರೆ ಮರ ಮಾಸಿದೆ, ಬಣ್ಣ ಹೋಗಿದೆ ಅಂತ ಬೇಡ ಅನ್ನಬೇಕಾಗಿಲ್ಲ.

ಒಳಗೆ ನೋಡುವ ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆಯಿರಿ, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿ) ತೆರೆಯಿರಿ, ತೋಟಾ ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಲೈಸೆನ್ಸ್ ಮತ್ತು ಕಾನೂನಿನ ವಿಷಯ ಕೈಗೆ ತೆಗೆದುಕೊಳ್ಳುವ ಮೊದಲೇ ಮುಗಿದಿರಬೇಕು.

ಈಗ ನಳಿಗೆಯ ಒಳಗೆ ಬರೋಣ. ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಶುರುವಾಗುವ ಜಾಗವೇ ಗಂಟಲು. ಮದ್ದು ಉರಿದಾಗ ಇಲ್ಲಿ ಹಾಯುವ ಅನಿಲದ ಬಿಸಿ 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಉಕ್ಕು ಕರಗುವುದು ಸುಮಾರು 1500 ಡಿಗ್ರಿಯಲ್ಲಿ. ಹಾಗಿದ್ದರೆ ನಳಿಗೆ ಯಾಕೆ ಕರಗಿ ಹೋಗುವುದಿಲ್ಲ? ಗುಂಡು ನಳಿಗೆಯೊಳಗೆ ಇರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಉಕ್ಕಿನ ತೀರಾ ತೆಳುವಾದ ಮೇಲ್ಪದರ ಮಾತ್ರ ಕಾಯುತ್ತದೆ. ಆ ಪದರ ಹಿಗ್ಗುತ್ತದೆ, ಹಿಂದಿರುವ ತಣ್ಣನೆಯ ಉಕ್ಕು ಅದನ್ನು ಹಿಗ್ಗಲು ಬಿಡುವುದಿಲ್ಲ. ಮತ್ತೆ ತಣ್ಣಗಾಗುವಾಗ ಎಳೆದಂತಾಗುತ್ತದೆ. ನೂರಾರು ಸಲ ಹೀಗೆ ಆದಮೇಲೆ ಮೇಲ್ಮೈ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ. ಬಿರುಕಿನ ಅಂಚುಗಳನ್ನು ಅನಿಲ ಕಿತ್ತುಕೊಂಡು ಹೋಗುತ್ತದೆ. ಸುರುಳಿ ಗೆರೆಗಳ ಶುರು ಮುಂದಕ್ಕೆ ಸರಿಯುತ್ತಾ ಹೋಗುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಅನ್ನುವುದು ತೋಟಾದ ಮೇಲೆ ನಿಂತಿದೆ. .308 ವಿಂಚೆಸ್ಟರ್ ತೋಟಾದಲ್ಲಿ ಸುಮಾರು 3 ಗ್ರಾಂ ಮದ್ದು ಇರುತ್ತದೆ, ಒತ್ತಡ 4000 ಬಾರ್ ದಾಟಬಹುದು. .22 ಲಾಂಗ್ ರೈಫಲ್ ಅನ್ನುವ ಸಣ್ಣ ತೋಟಾದಲ್ಲಿ ಮದ್ದು 0.1 ಗ್ರಾಂ ಆಸುಪಾಸು, ಒತ್ತಡ 1700 ಬಾರ್ ಒಳಗೆ, ಗುಂಡು ಮೆತ್ತನೆಯ ಸೀಸ. ಹಾಗಾಗಿ ಹಳೇ .22 ರೈಫಲ್‌ನ ಗಂಟಲು ಸವೆದಿರುತ್ತದೆ ಅಂತ ಜಾಸ್ತಿ ಹೆದರಬೇಕಾಗಿಲ್ಲ. ಸಣ್ಣ ರಂಧ್ರಕ್ಕೆ ದೊಡ್ಡ ತೋಟಾ ಜೋಡಿಸಿದ ಅತಿವೇಗದ ರೈಫಲ್‌ಗಳನ್ನು ಮಾತ್ರ ಎಚ್ಚರಿಕೆಯಿಂದ ನೋಡಬೇಕು. ಅದೇ ರೈಫಲ್ ಬೇಟೆಗೆ ಬಳಸಿದ್ದರೆ ವರ್ಷಕ್ಕೆ ಹಾರಿದ್ದು ಕೆಲವೇ ಗುಂಡು. ಗುರಿ ಅಭ್ಯಾಸಕ್ಕೆ ಬಳಸಿದ್ದರೆ ಲೆಕ್ಕವೇ ಬೇರೆ. ಮಾರುವವರನ್ನು ವರ್ಷ ಕೇಳುವ ಬದಲು ಯಾವುದಕ್ಕೆ ಬಳಸಿದಿರಿ ಅಂತ ಕೇಳಿ.

ಉಪ್ಪಿನ ಕತೆ ಇನ್ನೂ ಸ್ವಾರಸ್ಯದ್ದು. ಹಳೇ ಕಾಲದ ತೋಟಾಗಳ ಪ್ರೈಮರ್‌ನಲ್ಲಿ (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ, ಅಡುಗೆ ಉಪ್ಪಿನ ಹತ್ತಿರದ ನೆಂಟ. ಗಾಳಿಯ ತೇವವನ್ನು ಹೀರಿ ಅದು ಉಕ್ಕನ್ನು ತಿನ್ನುತ್ತದೆ. ಜನ ಶುಚಿ ಮಾಡಿ ಎಣ್ಣೆ ಹಚ್ಚಿಟ್ಟರೂ ನಳಿಗೆ ತುಕ್ಕು ಹಿಡಿಯುತ್ತಿತ್ತು. ಯಾಕೆ ಅಂತ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. 1922ರಲ್ಲಿ ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಇದನ್ನು ಬಿಡಿಸಿ ತೋರಿಸಿದರು. ತಪ್ಪು ಮದ್ದಿನದಲ್ಲ, ಪ್ರೈಮರ್‌ನ ಉಪ್ಪಿನದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆಯ ಪದರದ ಕೆಳಗೆ ಕೂತೇ ಕೆಲಸ ಮಾಡುತ್ತದೆ. ನೀರಿನಲ್ಲಿ ಮಾತ್ರ ಕರಗುತ್ತದೆ. ನೀರಿನಿಂದ ತೊಳೆದು, ಒರೆಸಿ, ಆಮೇಲೆ ಎಣ್ಣೆ ಹಚ್ಚಬೇಕಿತ್ತು. ಹಳೇ ಸೈನಿಕ ರೈಫಲ್‌ಗಳ ನಳಿಗೆಯಲ್ಲಿ ಕಪ್ಪು ಕಪ್ಪು ಗುಳಿಗಳು ಕಂಡರೆ ಬಹುಪಾಲು ಈ ಉಪ್ಪಿನದೇ ಕೆಲಸ.

ಗುಳಿ ಕಂಡ ತಕ್ಷಣ ಬೇಡ ಅನ್ನಬೇಕಾ? ನನ್ನ ಪ್ರಕಾರ ಇಲ್ಲ. ನಳಿಗೆಯ ಮಧ್ಯದಲ್ಲಿ ಒಂದೆರಡು ಸಣ್ಣ ಗುಳಿ ಇದ್ದರೂ ಗುರಿ ಸರಿಯಾಗಿಯೇ ಬೀಳಬಹುದು. ಗುಂಡಿನ ತಾಮ್ರ ಅಲ್ಲಿ ಅಂಟಿಕೊಳ್ಳುತ್ತದೆ, ಶುಚಿ ಮಾಡುವುದು ಕಷ್ಟ, ಅಷ್ಟೇ. ಗಂಟಲಲ್ಲಿ ಅಥವಾ ಬಾಯಿಯ ಹತ್ತಿರ ಇದ್ದರೆ ಮಾತ್ರ ಯೋಚಿಸಬೇಕು.

ನಳಿಗೆಯ ಬಾಯಿ ಯಾಕೆ ಅಷ್ಟು ಮುಖ್ಯ? ಗುಂಡು ಹೊರಬೀಳುವ ಕ್ಷಣದಲ್ಲಿ ಹಿಂದಿನ ಅನಿಲ ಅದಕ್ಕಿಂತ ಜೋರಾಗಿ ನುಗ್ಗುತ್ತದೆ. ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇದ್ದರೆ ಅನಿಲವೂ ಸಮವಾಗಿ ಹೊರಬರುತ್ತದೆ. ಒಂದು ಕಡೆ ಅಂಚು ಚಿಕ್ಕದಾಗಿ ಮುಕ್ಕಾಗಿದ್ದರೆ ಅನಿಲ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಬಾಯಿಯ ಕಡೆಯಿಂದಲೇ ಕಬ್ಬಿಣದ ಸಲಾಕಿ ತೂರಿಸಿ ಶುಚಿ ಮಾಡಿದ್ದರೆ ಈ ಅಂಚು ಸವೆದಿರುತ್ತದೆ. ಪರೀಕ್ಷೆ ಸುಲಭ. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ, ಬಾಯಿಯ ಸುತ್ತಲೂ ನಿಧಾನಕ್ಕೆ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಕ್ಕು ಇದೆ. ಇದು ಬೇಡ ಅನ್ನಲು ಕಾರಣವಲ್ಲ, ಚೌಕಾಸಿಗೆ ಕಾರಣ. ತುದಿಯನ್ನು ಸ್ವಲ್ಪ ಕತ್ತರಿಸಿ ಅಂಚನ್ನು ಹೊಸದಾಗಿ ಮಾಡುವುದು ಬಂದೂಕು ರಿಪೇರಿಯವರಿಗೆ ದೊಡ್ಡ ಕೆಲಸವಲ್ಲ.

ರಾಜಿ ಮಾಡಿಕೊಳ್ಳಬಾರದ್ದು ಬೋಲ್ಟ್ ಮತ್ತು ಚೇಂಬರ್ ನಡುವಿನ ಅಳತೆಯಲ್ಲಿ. ಇದನ್ನು ಹೆಡ್‌ಸ್ಪೇಸ್ ಅನ್ನುತ್ತಾರೆ. .308ಕ್ಕೆ ಕನಿಷ್ಠ ಅಳತೆಯ ಗೇಜ್ 1.630 ಇಂಚು, ಬೋಲ್ಟ್ ಇದರ ಮೇಲೂ ಮುಚ್ಚಿಕೊಂಡರೆ ಆ ರೈಫಲ್ ಬಳಸಲೇಬಾರದು ಅನ್ನುವ ಗೇಜ್ 1.638 ಇಂಚು. ವ್ಯತ್ಯಾಸ 0.2 ಮಿಲಿಮೀಟರ್ ಅಷ್ಟೇ! ಅಳತೆ ಜಾಸ್ತಿಯಾದರೆ ಹಿತ್ತಾಳೆಯ ತೋಟಾ ಹಿಗ್ಗಿ ಹರಿಯಬಹುದು, ಆ ಅನಿಲ ನಿಮ್ಮ ಮುಖದ ಕಡೆಗೇ ಬರುತ್ತದೆ. ಅದೇ ರೈಫಲ್‌ನಲ್ಲಿ ಹಾರಿಸಿದ ಖಾಲಿ ತೋಟಾ ಇದ್ದರೆ ಕೇಳಿ ತೆಗೆದುಕೊಳ್ಳಿ. ತಳದಿಂದ ಸ್ವಲ್ಪ ಮೇಲೆ, ಸುತ್ತಲೂ ಒಂದು ಹೊಳೆಯುವ ಉಂಗುರ ಕಾಣುತ್ತದೆಯಾ ನೋಡಿ. ಕಂಡರೆ ಹಿತ್ತಾಳೆ ಅಲ್ಲಿ ಹಿಗ್ಗಿ ತೆಳುವಾಗಿರಬಹುದು. ಗೇಜ್ ಹಾಕಿ ಅಳೆಸದೆ ಆ ರೈಫಲ್‌ನಲ್ಲಿ ಮತ್ತೊಂದು ಗುಂಡು ಹಾರಿಸಬೇಡಿ.

ಕೆಲವು ದೋಷಗಳು ಯಾವ ಗೇಜ್‌ಗೂ ಸಿಗುವುದಿಲ್ಲ. ಅಮೆರಿಕದ 1903 ಮಾದರಿಯ ಸೈನಿಕ ರೈಫಲ್‌ಗಳು ಇದಕ್ಕೆ ಉದಾಹರಣೆ. ಶುರುವಿನಲ್ಲಿ ಉಕ್ಕು ಎಷ್ಟು ಕಾದಿದೆ ಅಂತ ಕೆಲಸಗಾರರು ಅದರ ಬಣ್ಣ ನೋಡಿ ಹೇಳುತ್ತಿದ್ದರು. ಅನುಭವಿಗಳೇ, ಅನುಮಾನವಿಲ್ಲ. ಆದರೆ ಬಿಸಿಲು ಜೋರಾಗಿದ್ದ ದಿನ ಕಾದ ಉಕ್ಕು ಮಂಕಾಗಿ ಕಾಣುತ್ತದೆ, ಇನ್ನಷ್ಟು ಕಾಯಿಸುತ್ತಾರೆ. ಆಮೇಲೆ ಉಷ್ಣಮಾಪಕ ಇಟ್ಟು ನೋಡಿದಾಗ, ಮೋಡದ ದಿನಕ್ಕಿಂತ ಬಿಸಿಲಿನ ದಿನ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚು ಕಾಯಿಸಿದ್ದು ತಿಳಿಯಿತು. ಅತಿಯಾಗಿ ಕಾದ ಉಕ್ಕು ಪೆಡಸಾಗುತ್ತದೆ, ಒತ್ತಡ ಮಿತಿಮೀರಿದರೆ ಬಾಗದೆ ಚೂರಾಗುತ್ತದೆ. 1918ರಲ್ಲಿ ವಿಧಾನ ಬದಲಾಯಿಸಿದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ನಂಬರಿನ ರೈಫಲ್‌ಗಳಲ್ಲಿ ಗುಂಡು ಹಾರಿಸಬಾರದು ಅನ್ನುವ ಎಚ್ಚರಿಕೆ ಇಂದಿಗೂ ಇದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನಂಬರ್ ಮಾತ್ರ ಹೇಳುತ್ತದೆ. ಹೊಸ ಕಾಲದಲ್ಲೂ ಇಂಥದ್ದು ಉಂಟು. ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ, 2006ರ ಮೇ ತಿಂಗಳಿಂದ 2014ರ ಏಪ್ರಿಲ್ ಶುರುವಿನವರೆಗೆ ತಯಾರಾದ ರೆಮಿಂಗ್ಟನ್ 700 ರೈಫಲ್‌ಗಳನ್ನು ಟ್ರಿಗರ್ ದೋಷಕ್ಕಾಗಿ ಕಂಪನಿಯೇ ವಾಪಸ್ ಕರೆಸಿತು. ಯಾವ ರೈಫಲ್ ಆದರೂ ನಂಬರ್ ಬರೆದುಕೊಂಡು ಹುಡುಕಿ ನೋಡುವುದು ಒಳ್ಳೆಯದು.

ಮರದ ಹಿಡಿಯ ಬಗ್ಗೆ ಎರಡೇ ಮಾತು. ಬಿರುಕು ಇದೆಯಾ ನೋಡಿ, ಮರದಡಿಯ ಲೋಹದಲ್ಲಿ ತುಕ್ಕು ಇದೆಯಾ ನೋಡಿ.

ಹಾರಿಸಿ ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ. ಮೊದಲು ದುರ್ಬೀನಿನ ತಿರುಪುಗಳು ಬಿಗಿಯಾಗಿವೆಯಾ ನೋಡಿ. ಮಾರುವವರು ತೋರಿಸುವುದು ಸಾಮಾನ್ಯವಾಗಿ 3 ಗುಂಡಿನ ಒಂದು ಚೆಂದದ ಗುಂಪು, ಅಲ್ವಾ? ಮೂರು ಗುಂಡು ಅದೃಷ್ಟದಿಂದಲೂ ಹತ್ತಿರ ಬೀಳುತ್ತವೆ. ಲೆಕ್ಕದ ಪ್ರಕಾರ, ಅದೇ ರೈಫಲ್‌ನಲ್ಲಿ 10 ಗುಂಡಿನ ಗುಂಪು 3 ಗುಂಡಿನ ಗುಂಪಿಗಿಂತ ಸರಾಸರಿ 1.6 ಪಟ್ಟು ದೊಡ್ಡದಿರುತ್ತದೆ. ಹಾಗಾಗಿ ನಳಿಗೆ ಆರಲು ಬಿಡುವು ಕೊಡುತ್ತಾ 10 ಗುಂಡು ಹಾರಿಸಿ. 100 ಮೀಟರ್‌ನಲ್ಲಿ ಅಷ್ಟೂ 6 ಸೆಂಟಿಮೀಟರ್ ಒಳಗೆ ಬಿದ್ದರೆ, ಅಗ್ಗದ ಹಳೇ ರೈಫಲ್‌ನಿಂದ ಅದಕ್ಕಿಂತ ಹೆಚ್ಚು ನಾನಂತೂ ಕೇಳುವುದಿಲ್ಲ.

ಎಲ್ಲ ಸರಿ ಇದ್ದರೂ ಬಿಡಿಭಾಗದ ವಿಚಾರ ಒಂದು ಉಳಿಯುತ್ತದೆ. ಮೇಲೆ ಹೇಳಿದ 788 ಮಾದರಿಯನ್ನೇ ತೆಗೆದುಕೊಳ್ಳಿ. ನಳಿಗೆ ಗಟ್ಟಿ, ಗುರಿ ಪಕ್ಕಾ. ಆದರೆ ತಯಾರಿಕೆ ನಿಂತು 40 ವರ್ಷ ದಾಟಿದೆ, ಅದರ ಮೂಲ ಮ್ಯಾಗಜಿನ್ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಮ್ಯಾಗಜಿನ್ ಇಲ್ಲದೆ ಅದು ಒಂದೊಂದೇ ತೋಟಾ ಹಾಕಿ ಹಾರಿಸುವ ರೈಫಲ್. ಇಂಥ ಮಾದರಿ ಕೊಳ್ಳುವಾಗ ಮ್ಯಾಗಜಿನ್ ಜೊತೆಗಿದೆಯಾ, ಅದರ ಸ್ಪ್ರಿಂಗ್ ಸರಿಯಿದೆಯಾ ಅಂತ ನೋಡಿ, ಇನ್ನೊಂದು ಹೆಚ್ಚುವರಿ ಇದ್ದರೆ ಅದನ್ನೂ ಸೇರಿಸಿಯೇ ಬೆಲೆ ಮಾತಾಡಿ.